ಹದಿಹರೆಯದ ಆರೋಗ್ಯ: ಕೊಡಗಿನ ಫೀಲ್ಡ್ ಕಣ್ಮುಂದೆ ಇಟ್ಕೊಂಡು ಓದೋಣ

ನರ್ಸಿಂಗ್, ಎಂಎಸ್‌ಡಬ್ಲ್ಯು, ಪಬ್ಲಿಕ್ ಹೆಲ್ತ್ ಓದ್ತಿರೋರಿಗೆ, ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಆಗಿ ಈಗಷ್ಟೇ ಉಪಕೇಂದ್ರಕ್ಕೆ ಹೋಗ್ತಿರೋರಿಗೆ ಈ ಟಿಪ್ಪಣಿ. ಈ ಚಾಪ್ಟರ್ ಓದುವಾಗ ನಾವೆಲ್ಲ ಸಾಮಾನ್ಯವಾಗಿ ಸ್ಕೀಮುಗಳ ಹೆಸರು ಬಾಯಿಪಾಠ ಮಾಡ್ತೀವಿ, ಆರ್‌ಕೆಎಸ್‌ಕೆ (ಹದಿಹರೆಯದ ಆರೋಗ್ಯ), ಆರ್‌ಬಿಎಸ್‌ಕೆ (ಮಕ್ಕಳ ತಪಾಸಣೆ), ವಿಫ್ಸ್ (ವಾರದ ಕಬ್ಬಿಣದ ಮಾತ್ರೆ), ಡಿಎಂಎಚ್‌ಪಿ (ಜಿಲ್ಲಾ ಮಾನಸಿಕ ಆರೋಗ್ಯ) ಅಂತ, ಪರೀಕ್ಷೇಲಿ ಬರೆದು ಮಾರ್ಕ್ಸೂ ತಗೋತೀವಿ, ಆದ್ರೆ ಫೀಲ್ಡಿಗೆ ಹೋದಾಗ ಎದುರಿಗೆ ನಿಲ್ಲೋದು ಸ್ಕೀಮ್ ಅಲ್ಲ, ಒಂದು ಹುಡುಗಿ ಅಥವಾ ಒಬ್ಬ ಹುಡುಗ. ಅವಳ ರಕ್ತಹೀನತೆ ಒಂದು ರಿಜಿಸ್ಟರಲ್ಲಿ, ಮುಟ್ಟಿನ ಸಮಸ್ಯೆ ಇನ್ನೊಂದರಲ್ಲಿ, ಶಾಲೆ ಬಿಟ್ಟಿದ್ದು ಶಿಕ್ಷಣ ಇಲಾಖೆ ಲೆಕ್ಕದಲ್ಲಿ, ಮನೇಲಿ ಅಪ್ಪ ಕುಡಿದು ಹೊಡೆಯೋದು ಯಾರ ಲೆಕ್ಕದಲ್ಲೂ ಇಲ್ಲ. ಇದನ್ನೆಲ್ಲ ಒಂದೇ ಮಗುವಿನ ವಿಷಯ ಅಂತ ಜೋಡಿಸಿ ನೋಡೋದೇ ಈ ಕೆಲಸದ ಜೀವ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಹಂಗಾಗಿ ಟಿಪ್ಪಣಿನೂ ಅದೇ ದಾರೀಲಿ ಬರೀತಿದ್ದೀನಿ.

ಮೊದಲು ಬೇಸಿಕ್ಸ್ ಬೇಗ ಮುಗಿಸೋಣ. ಹದಿಹರೆಯ ಅಂದ್ರೆ 10ರಿಂದ 19 ವರ್ಷ. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ, ಅಂದ್ರೆ ಆರ್‌ಕೆಎಸ್‌ಕೆ, ಶುರುವಾಗಿದ್ದು 2014ರ ಜನವರಿ 7ಕ್ಕೆ. ಅದರಲ್ಲಿ ಆರು ವಿಷಯ: ಪೌಷ್ಟಿಕತೆ, ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯ, ಮಾನಸಿಕ ಆರೋಗ್ಯ, ಗಾಯ ಮತ್ತು ಹಿಂಸೆ, ಮಾದಕ ವಸ್ತು ಬಳಕೆ, ಅಸಾಂಕ್ರಾಮಿಕ ರೋಗಗಳು. ಅದಕ್ಕಿಂತ ಮುಂಚೆ ಇದ್ದ ಕಾರ್ಯಕ್ರಮ ಹೆಚ್ಚಾಗಿ ಸಂತಾನೋತ್ಪತ್ತಿ ಆರೋಗ್ಯದ ಸುತ್ತಾನೇ ಇತ್ತು, ಅದೂ ಆಸ್ಪತ್ರೆ ಒಳಗೆ. ಆರ್‌ಕೆಎಸ್‌ಕೆ ಅದನ್ನ ಊರಿಗೆ, ಶಾಲೆಗೆ ತಂತು, ಅದೇ ವಯಸ್ಸಿನ ಹುಡುಗ ಹುಡುಗಿಯರನ್ನೇ ಪೀರ್ ಎಜುಕೇಟರ್, ಅಂದ್ರೆ ಜೊತೆಯವರಿಗೆ ತಿಳಿಸಿ ಹೇಳೋರು, ಮಾಡ್ತು. ಕರ್ನಾಟಕದಲ್ಲಿ ಹದಿಹರೆಯದವರ ಕ್ಲಿನಿಕ್ಕಿಗೆ ಸ್ನೇಹ ಕ್ಲಿನಿಕ್ ಅಂತಾರೆ. ಆರ್‌ಬಿಎಸ್‌ಕೆ 2013ರದ್ದು, ಹುಟ್ಟಿದ ಮಗುವಿಂದ 18 ವರ್ಷದವರೆಗೆ ತಪಾಸಣೆ, ತಂಡದಲ್ಲಿ ಇಬ್ಬರು ಆಯುಷ್ ಡಾಕ್ಟರ್, ಒಬ್ಬ ಫಾರ್ಮಸಿಸ್ಟ್, ಒಬ್ಬ ನರ್ಸ್. ಇಷ್ಟು ಗೊತ್ತಿದ್ರೆ ಮುಂದಿನದು ಅರ್ಥ ಆಗುತ್ತೆ.

ಈಗ ಕೊಡಗು. 2011ರ ಜನಗಣತಿ ಪ್ರಕಾರ ಜಿಲ್ಲೆ ಜನಸಂಖ್ಯೆ 5,54,519, ರಾಜ್ಯದಲ್ಲೇ ಕಡಿಮೆ. ಅದರಲ್ಲಿ ಪರಿಶಿಷ್ಟ ಪಂಗಡದವರು ಶೇ 10ಕ್ಕಿಂತ ಸ್ವಲ್ಪ ಜಾಸ್ತಿ, ಜೇನುಕುರುಬ, ಬೆಟ್ಟಕುರುಬ, ಯರವ, ಪಣಿಯ ಜನ. ಮನೆಗಳು ದೂರ ದೂರ, ತೋಟದ ಮಧ್ಯೆ ಕೂಲಿಯವರ ಸಾಲು ಮನೆ ಅಂದ್ರೆ ಲೈನ್ ಮನೆ, ಕಾಡಂಚಿಗೆ ಬುಡಕಟ್ಟು ಜನರ ಹಾಡಿ, ಜೂನ್‌ನಿಂದ ಮಳೆ ಹಿಡಿದ್ರೆ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ, ಸಂಜೆ ಆದ್ರೆ ಆನೆ ಭಯ. ಬಯಲು ಸೀಮೇಲಿ ಒಂದು ಉಪಕೇಂದ್ರಕ್ಕೆ 5,000 ಜನ ಅನ್ನೋ ಲೆಕ್ಕ ಇದ್ರೆ ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಕ್ಕೆ 3,000, ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರ) 30,000 ಬದಲು 20,000. ಈ ವ್ಯತ್ಯಾಸ ಯಾಕೆ ಅಂತ ಕೇಳಿದ್ರೆ ಮಳೆಗಾಲದಲ್ಲಿ ಒಂದು ಹಾಡಿಗೆ ನಡ್ಕೊಂಡು ಹೋಗಿ ಬನ್ನಿ ಅಂತೀನಿ ನಾನು, ಅಲ್ಲೇ ಉತ್ತರ ಇದೆ.

ಇನ್ನು ಒಂದು ಕೇಸ್ ಕಲ್ಪಿಸ್ಕೊಳ್ಳೋಣ, ಯಾಕಂದ್ರೆ ರಕ್ತಹೀನತೆ ಪಾಠ ಇದ್ರಲ್ಲೇ ಚೆನ್ನಾಗಿ ಕೂರುತ್ತೆ. ವಿರಾಜಪೇಟೆ ಕಡೆಯ ಒಂದು ಹಾಡಿಯಿಂದ ಆಶ್ರಮ ಶಾಲೆಗೆ ಬರೋ 14 ವರ್ಷದ ಹುಡುಗಿ. ಟೀಚರ್ ಹೇಳೋದು, ಇವಳು ಕ್ಲಾಸಲ್ಲಿ ತೂಕಡಿಸ್ತಾಳೆ, ಆಟಕ್ಕೂ ಬರಲ್ಲ, ಸೋಮಾರಿ ಅಂತ. ಮೊದಲ ಕೆಲಸ ಹಿಮೋಗ್ಲೋಬಿನ್ ನೋಡೋದು. 12 ವರ್ಷ ದಾಟಿದ ಹುಡುಗಿಗೆ 100 ಮಿಲಿ ರಕ್ತದಲ್ಲಿ 12 ಗ್ರಾಂಗಿಂತ ಕಡಿಮೆ ಇದ್ರೆ ರಕ್ತಹೀನತೆ, 11ರಿಂದ 11.9 ಇದ್ರೆ ಸೌಮ್ಯ, 8ರಿಂದ 10.9 ಮಧ್ಯಮ, 8ಕ್ಕಿಂತ ಕೆಳಗೆ ತೀವ್ರ. ದೇಶದ ಮಟ್ಟದಲ್ಲಿ ಇದು ಎಷ್ಟು ದೊಡ್ಡ ವಿಷಯ ಅಂದ್ರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದ್ರೆ ಎನ್‌ಎಫ್‌ಎಚ್‌ಎಸ್-5ರಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ 59.1 ಜನಕ್ಕೆ ರಕ್ತಹೀನತೆ, ಹಿಂದಿನ ಸರ್ವೇಲಿ ಶೇ 54.1 ಇತ್ತು, ಅಂದ್ರೆ ಏರಿದೆ. ಹುಡುಗರಲ್ಲೂ ಶೇ 31.1. ಹುಡುಗರದ್ದು ನಾವು ಮರೀತೀವಿ, ಮರೀಬಾರದು.

ವಿಫ್ಸ್ ಅಂದ್ರೆ ವಾರಕ್ಕೊಂದು ನೀಲಿ ಮಾತ್ರೆ, ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಜೊತೆಗೆ ವರ್ಷಕ್ಕೆ ಎರಡು ಸಲ ಜಂತುಹುಳದ ಆಲ್ಬೆಂಡಜೋಲ್ 400 ಮಿಲಿಗ್ರಾಂ. ಇದು ತಡೆಗಟ್ಟೋ ಡೋಸ್, ಚಿಕಿತ್ಸೆ ಡೋಸ್ ಬೇರೆ, ಇವೆರಡನ್ನ ಕಲಸಿಬಿಡಬೇಡಿ, ವೈವಾದಲ್ಲಿ ಇದನ್ನೇ ಕೇಳ್ತಾರೆ. ಮಾತ್ರೆ ಕೊಟ್ಟಾಗ ಮಕ್ಕಳು ನುಂಗದೆ ಎಸೆಯೋದು ಯಾಕೆ ಅಂದ್ರೆ ಹೊಟ್ಟೆ ತೊಳಸುತ್ತೆ, ಮಲ ಕಪ್ಪಾಗುತ್ತೆ, ಅದು ಮೊದಲೇ ಹೇಳಿಲ್ಲ ಅಂದ್ರೆ ಹೆದರ್ತಾರೆ. ಖಾಲಿ ಹೊಟ್ಟೇಲಿ ಬೇಡ, ಬಿಸಿಯೂಟ ಆದ್ಮೇಲೆ ಕೊಡಿ, ಮಲ ಕಪ್ಪಾಗೋದು ಮಾತ್ರೆಯಿಂದ, ಭಯ ಬೇಡ ಅಂತ ಮೊದಲೇ ಹೇಳಿ. ಇನ್ನೊಂದು ನಮ್ಮ ಕಡೆಯ ವಿಷಯ, ಊಟ ಆದ ತಕ್ಷಣ ಬೆಲ್ಲದ ಕರಿಕಾಫಿ ಕುಡಿಯೋದು. ಕಾಫಿ ಟೀ ಎರಡರಲ್ಲೂ ಇರೋ ಪಾಲಿಫಿನಾಲ್ ಕಬ್ಬಿಣ ಹೀರಿಕೊಳ್ಳೋದನ್ನ ತಡೆಯುತ್ತೆ. ಹಂಗಂತ ಕಾಫಿ ನಾಡಲ್ಲಿ ಕಾಫಿ ಬಿಡಿ ಅಂದ್ರೆ ಯಾರೂ ಕೇಳಲ್ಲ, ಕೇಳಬೇಕಾಗೂ ಇಲ್ಲ, ಮಾತ್ರೆಗೂ ಕಾಫಿಗೂ ಮಧ್ಯೆ ಒಂದೆರಡು ಗಂಟೆ ಬಿಡಿ ಅಂದ್ರೆ ಸಾಕು. ನೆಲ್ಲಿಕಾಯಿ, ನಿಂಬೆ, ಕಿತ್ತಳೆ ಜೊತೆಗಿದ್ರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತೆ, ಇವು ನಮ್ಮಲ್ಲೇ ಬೆಳೆಯೋವು.

ಆದ್ರೆ ಈ ಹುಡುಗಿ ವಿಷಯದಲ್ಲಿ ಇಲ್ಲಿಗೇ ನಿಲ್ಲಿಸಬಾರದು, ಇದು ಬಹಳ ಮುಖ್ಯ. ಮಾತ್ರೆ ಸರಿಯಾಗಿ ನುಂಗಿದ್ರೂ ಹಿಮೋಗ್ಲೋಬಿನ್ ಏರ್ತಿಲ್ಲ, ಆಗಾಗ ಕೈಕಾಲು ಮೂಳೆ ನೋವು ಅಂತಾಳೆ, ಕಣ್ಣು ಸ್ವಲ್ಪ ಹಳದಿ ಅಂದ್ರೆ ಸಿಕಲ್ ಸೆಲ್ (ಅಪ್ಪ ಅಮ್ಮನಿಂದ ಬರೋ ರಕ್ತದ ಕಾಯಿಲೆ) ಯೋಚನೆ ಬರ್ಲೇಬೇಕು. ಹಿಮೋಗ್ಲೋಬಿನ್‌ನ ಒಂದು ಭಾಗವಾದ ಬೀಟಾ ಗ್ಲೋಬಿನ್‌ನ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಸಿಡ್ ಬದಲು ವ್ಯಾಲಿನ್ ಕೂತಿರುತ್ತೆ, ಅಷ್ಟೇ ವ್ಯತ್ಯಾಸ, ಆದ್ರೆ ಆಮ್ಲಜನಕ ಕಡಿಮೆ ಆದಾಗ ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗಿ ಸಣ್ಣ ರಕ್ತನಾಳದಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ, ಆಗಲೇ ಆ ನೋವು. ಚಳಿ, ನೀರು ಕಡಿಮೆ ಕುಡಿಯೋದು, ಜ್ವರ, ವಿಪರೀತ ಆಯಾಸ ಇದನ್ನ ಕೆರಳಿಸುತ್ತೆ. ಜುಲೈ ಮಳೇಲಿ ಒದ್ದೆ ಸ್ವೆಟರ್ ಹಾಕ್ಕೊಂಡು ಕ್ಲಾಸಲ್ಲಿ ಕೂರೋ ಮಗುಗೆ ಇದು ಏನು ಅಂತ ನೀವೇ ಯೋಚ್ನೆ ಮಾಡಿ. ಟೀಚರ್ ಸೋಮಾರಿ ಅಂದ್ರಲ್ಲ, ಅವರಿಗೆ ಗೊತ್ತಿರಲ್ಲ, ಅವರಿಗೆ ಹೇಳೋದೂ ನಮ್ಮ ಕೆಲಸಾನೇ, ಆದ್ರೆ ಮಗು ಮತ್ತು ಮನೆಯವರ ಒಪ್ಪಿಗೆ ತಗೊಂಡು.

ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಮಿಷನ್ 2023ರ ಜುಲೈ 1ಕ್ಕೆ ಶುರುವಾಯ್ತು, ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನವರ ತಪಾಸಣೆ ಅದರ ಗುರಿ. ಮೊದಲು ಬೆರಳ ತುದಿ ರಕ್ತದಲ್ಲಿ ಸಾಲ್ಯುಬಿಲಿಟಿ ಟೆಸ್ಟ್, ಪಾಸಿಟಿವ್ ಬಂದ್ರೆ ಎಚ್‌ಪಿಎಲ್‌ಸಿ ಅನ್ನೋ ಲ್ಯಾಬ್ ಟೆಸ್ಟ್ ಮಾಡಿ ಖಚಿತ ಮಾಡ್ಕೋತಾರೆ. ಅಪ್ಪ ಅಮ್ಮ ಇಬ್ಬರಲ್ಲೂ ಈ ಜೀನ್ ಒಂದೊಂದೇ ಇದ್ದು ವಾಹಕರಾಗಿದ್ರೆ ಪ್ರತಿ ಹೆರಿಗೇಲೂ ಮಗುಗೆ ಕಾಯಿಲೆ ಬರೋ ಸಾಧ್ಯತೆ ಶೇ 25, ವಾಹಕ ಆಗೋದು ಶೇ 50, ಏನೂ ಇಲ್ಲದೇ ಇರೋದು ಶೇ 25. ಮೊದಲನೇ ಮಗುಗೆ ಬಂತು ಇನ್ನು ಮೂರಕ್ಕೆ ಬರಲ್ಲ ಅಂತ ಲೆಕ್ಕ ಹಾಕೋರಿದ್ದಾರೆ, ಅದು ತಪ್ಪು ಅಂತ ನಿಧಾನಕ್ಕೆ ಬಿಡಿಸಿ ಹೇಳ್ಬೇಕು. ವಾಹಕ ಅಂದ್ರೆ ರೋಗಿ ಅಲ್ಲ, ಈ ಒಂದು ಮಾತು ಸರಿಯಾಗಿ ತಲುಪದೇ ಹೋದ್ರೆ ಮದುವೆ ಮಾತಿನ ಸಮಯದಲ್ಲಿ ಹುಡುಗಿಯರೇ ಏಟು ತಿಂತಾರೆ. ಇನ್ನು ಚಿಕಿತ್ಸೆ ಕಡೆ ಬಂದ್ರೆ ಫೋಲಿಕ್ ಆಸಿಡ್ ಕೊಡ್ತಾರೆ, ಡಾಕ್ಟರ್ ನೋಡಿ ಹೈಡ್ರಾಕ್ಸಿಯೂರಿಯಾ ಅನ್ನೋ ಔಷಧಿ ಶುರು ಮಾಡ್ತಾರೆ, ಕಬ್ಬಿಣ ಮಾತ್ರ ನಿಜವಾಗ್ಲೂ ಕೊರತೆ ಇದೆ ಅಂತ ಗೊತ್ತಾದ್ರೆ ಮಾತ್ರ. ನೋಡಿ, ಒಂದೇ ಸುಸ್ತು, ಆದ್ರೆ ನೀಲಿ ಮಾತ್ರೆ ರಿಜಿಸ್ಟರ್ ಇಟ್ಟಿರೋರೂ ಸಿಕಲ್ ಸೆಲ್ ಪಟ್ಟಿ ಇಟ್ಟಿರೋರೂ ಒಬ್ಬರಿಗೊಬ್ಬರು ಮಾತಾಡದೇ ಹೋದ್ರೆ ಈ ಹುಡುಗಿ ಎರಡರ ಮಧ್ಯೆ ಕಳೆದುಹೋಗ್ತಾಳೆ.

ಮಾತಾಡಿಸೋದು ಹೇಗೆ ಅನ್ನೋದಕ್ಕೆ ಬರ್ತೀನಿ, ನನಗೆ ಈ ಭಾಗ ಎಲ್ಲಕ್ಕಿಂತ ಇಷ್ಟ. ಹದಿಹರೆಯದವರ ಜೊತೆ ಮಾತಾಡೋಕೆ ಹೀಡ್ಸ್ (HEEADSSS, ಇಂಗ್ಲಿಷ್ ಮೊದಲಕ್ಷರಗಳು) ಅನ್ನೋ ಕ್ರಮ ಇದೆ. ಮನೆ, ಓದು ಅಥವಾ ಕೆಲಸ, ಊಟ, ಹವ್ಯಾಸ, ಕುಡಿತ ಮತ್ತು ಡ್ರಗ್ಸ್, ಲೈಂಗಿಕತೆ, ಸಾಯೋ ಯೋಚನೆ, ಸುರಕ್ಷತೆ, ಈ ಆರ್ಡರಲ್ಲಿ. ಸುಲಭದಿಂದ ಕಷ್ಟಕ್ಕೆ ಹೋಗೋ ಹಾಗೆ ಜೋಡಿಸಿದ್ದಾರೆ. ಕೂತ ತಕ್ಷಣ ನೀನು ಕುಡೀತೀಯಾ ಅಂತ ಕೇಳಿದ್ರೆ ಬಾಗಿಲು ಮುಚ್ಚಿತು ಅಂತ ಲೆಕ್ಕ. ಹೀಗೆ ಶುರು ಮಾಡಿ:

"ಎಂತ ಮಗ, ಮನೇಲಿ ಯಾರ್ಯಾರಿದ್ದೀರಿ?"

"ಅಮ್ಮ, ತಮ್ಮ, ಅಜ್ಜಿ. ಅಪ್ಪ ತೋಟಕ್ಕೆ ಹೋದ್ರೆ ಅಲ್ಲೇ ಇರ್ತಾರೆ ಸಿಸ್ಟರ್."

"ಮನೇಲಿ ಏನಾದ್ರೂ ಬೇಜಾರಾದ್ರೆ ಯಾರ ಹತ್ರ ಹೇಳ್ತೀಯ?"

ಇಲ್ಲಿ ಸುಮ್ನೆ ಆದ್ರೆ ನಾವೂ ಸ್ವಲ್ಪ ಹೊತ್ತು ಸುಮ್ನೆ ಇರ್ಬೇಕು, ತುಂಬಾ ಜನ ಆ ಮೌನಕ್ಕೆ ಹೆದರಿ ಮುಂದಿನ ಪ್ರಶ್ನೆಗೆ ಓಡ್ತಾರೆ. ಕಷ್ಟದ ಪ್ರಶ್ನೆಗಳನ್ನ ಮೊದಲು ಬೇರೆಯವರ ಮೇಲೆ ಇಟ್ಟು ಕೇಳೋದು ಒಳ್ಳೇದು, ನಿನ್ನ ವಯಸ್ಸಿನ ಕೆಲವರು ಮದುವೆ ಮನೇಲಿ ಒಂದು ಗ್ಲಾಸ್ ತಗೋತಾರಲ್ವಾ, ನಿನ್ನ ಫ್ರೆಂಡ್ಸ್ ಯಾರಾದ್ರೂ ಇದ್ದಾರಾ, ನೀನು ಯಾವತ್ತಾದ್ರೂ ನೋಡಿದ್ಯಾ ಅಂತ. ನಮ್ಮ ಜಿಲ್ಲೇಲಿ ಸಮಾರಂಭಗಳಲ್ಲಿ ಕುಡಿಯೋದನ್ನ ಜನ ಸಹಜವಾಗಿ ತಗೋತಾರೆ, ಅದನ್ನ ಕೀಳಾಗಿ ನೋಡಿ ಮಾತಾಡಿದ್ರೆ ಮಗು ತನ್ನ ಮನೆಯವರನ್ನ ಬೈದ ಹಾಗೇ ಅಂದ್ಕೊಳ್ಳುತ್ತೆ. 17ರ ಹುಡುಗನ ದೇಹಕ್ಕೆ, ಮೆದುಳಿಗೆ ಅದು ಏನು ಮಾಡುತ್ತೆ, ಘಾಟಿ ರಸ್ತೇಲಿ ಬೈಕ್ ಓಡ್ಸುವಾಗ ಏನಾಗುತ್ತೆ ಅಂತ ಹೇಳಿದ್ರೆ ಕೇಳ್ತಾರೆ. ರಸ್ತೆ ಅಪಘಾತ 5ರಿಂದ 29 ವಯಸ್ಸಿನವರ ಸಾವಿಗೆ ಜಗತ್ತಲ್ಲೇ ಮೊದಲ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಹೆಲ್ಮೆಟ್ ವಿಷಯ ಹದಿಹರೆಯದ ಆರೋಗ್ಯದ ಪಾಠದಲ್ಲೇ ಬರ್ಬೇಕು ಅನ್ನೋದು ಅದಕ್ಕೇ.

ಸಾಯೋ ಯೋಚನೆ ಬಗ್ಗೆ ಕೇಳಿದ್ರೆ ಅದೇ ಯೋಚನೆ ತಲೆಗೆ ತುಂಬುತ್ತೆ ಅಂತ ಹೆದರಿ ಕೇಳದೇ ಬಿಡೋರು ಬಹಳ. ಹಾಗಾಗಲ್ಲ, ನೇರವಾಗಿ, ಮೆತ್ತಗೆ ಕೇಳ್ಬೇಕು. ನಿಮ್ಹಾನ್ಸ್ ಮಾಡಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸರ್ವೇಲಿ 13ರಿಂದ 17 ವಯಸ್ಸಿನವರಲ್ಲಿ ಶೇ 7.3 ಮಂದಿಗೆ ಮಾನಸಿಕ ಸಮಸ್ಯೆ ಕಂಡಿತ್ತು, ಅಂದ್ರೆ 40 ಮಕ್ಕಳ ಕ್ಲಾಸಿಗೆ ಹೆಚ್ಚುಕಡಿಮೆ ಮೂರು ಜನ. ಹೌದು ಅಂದ ಮಗುನ ಒಂಟಿಯಾಗಿ ಬಿಡಬೇಡಿ, ಅದೇ ದಿನ ಡಾಕ್ಟರಿಗೆ ತೋರ್ಸಿ. ಮನೆಯವರಿಗೆ ಒಂದು ಮಾತು ಕಡ್ಡಾಯವಾಗಿ ಹೇಳ್ಬೇಕು, ತೋಟಕ್ಕೆ ಹೊಡೆಯೋ ಔಷಧಿ, ಮಾತ್ರೆಗಳು ಬೀಗ ಹಾಕಿದ ಜಾಗದಲ್ಲಿ ಇರ್ಲಿ. ಕೋವಿ ಇರೋ ಮನೆ ನಮ್ಮಲ್ಲಿ ತುಂಬಾ, ಅದಕ್ಕಿರೋ ಗೌರವ ದೊಡ್ಡದು, ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ಪೂಜೆ ಮಾಡ್ತಾರೆ, ಅಂಥ ಮನೇಲಿ ಕೋವಿ ಒಂದು ಕಡೆ, ತೋಟೆ (ಗುಂಡು) ಇನ್ನೊಂದು ಕಡೆ, ಎರಡೂ ಬೀಗದಲ್ಲಿ, ಕೀ ದೊಡ್ಡವರ ಹತ್ರ ಅಂತ ವಿನಯವಾಗಿ ಹೇಳಿದ್ರೆ ಯಾವ ಹಿರಿಯರೂ ತಪ್ಪು ತಿಳಿಯಲ್ಲ. ಕಷ್ಟದ ಕ್ಷಣ ದಾಟಿಸೋದಕ್ಕೆ ಈ ಬೀಗ ಎಷ್ಟು ಸಹಾಯ ಮಾಡುತ್ತೆ ಅನ್ನೋದಕ್ಕೆ ಪಬ್ಲಿಕ್ ಹೆಲ್ತಲ್ಲಿ ಗಟ್ಟಿ ಆಧಾರ ಇದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ, 2022ರ ಅಕ್ಟೋಬರ್ 10ರಿಂದ ಇದೆ. ಮಕ್ಕಳ ಸಹಾಯವಾಣಿ 1098. ರಾಜ್ಯದ ಯುವ ಸ್ಪಂದನ ಕೇಂದ್ರಗಳೂ ಇವೆ, ನಿಮ್ಹಾನ್ಸ್ ಮತ್ತು ಯುವ ಸಬಲೀಕರಣ ಇಲಾಖೆ ಸೇರಿ ನಡೆಸೋದು. ಆಸ್ಪತ್ರೆ ಅಂದ್ರೆ ನಾಚಿಕೆ ಪಡೋ ಹುಡುಗರು ಅಂಥ ಕಡೆ ಸುಲಭವಾಗಿ ಹೋಗ್ತಾರೆ.

ಗುಟ್ಟು ಕಾಪಾಡೋ ವಿಷಯ ಸ್ವಲ್ಪ ಎಚ್ಚರಿಕೆಯಿಂದ ಓದ್ಕೊಳ್ಳಿ. ಸಣ್ಣ ಊರು, ಎಲ್ಲರಿಗೂ ಎಲ್ಲರೂ ಗೊತ್ತು, ಸ್ನೇಹ ಕ್ಲಿನಿಕ್ ಬಾಗಿಲಲ್ಲಿ ನಿಂತಿದ್ದು ಕಂಡ್ರೆ ಸಂಜೆಗೆ ಮನೆಗೆ ಸುದ್ದಿ ಹೋಗಿರುತ್ತೆ. ಅದಕ್ಕೆ ಕೌನ್ಸೆಲರ್ ಶಾಲೆಗೆ ಹೋದಾಗ ಎಲ್ಲ ಮಕ್ಕಳನ್ನೂ ಸರದಿ ಪ್ರಕಾರ ಕರೆದು ಮಾತಾಡಿಸೋದು ಒಳ್ಳೇ ದಾರಿ, ಆಗ ಯಾರೊಬ್ಬರ ಮೇಲೂ ಕಣ್ಣು ಬೀಳಲ್ಲ. ಆದ್ರೆ ಏನು ಹೇಳಿದ್ರೂ ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ, ಅದು ಸುಳ್ಳಾಗುತ್ತೆ. 18ರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ ಪೋಕ್ಸೋ ಕಾಯ್ದೆ 2012ರ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸ್ಲೇಬೇಕು, ಮುಚ್ಚಿಟ್ರೆ ನಮಗೇ ಶಿಕ್ಷೆ ಇದೆ. ಮಾತು ಶುರು ಮಾಡೋ ಮೊದಲೇ, ನಿನ್ನ ಜೀವಕ್ಕೆ ಅಥವಾ ಬೇರೆಯವರ ಜೀವಕ್ಕೆ ಅಪಾಯ ಇದ್ರೆ, ಯಾರಾದ್ರೂ ನಿನಗೆ ತೊಂದ್ರೆ ಮಾಡ್ತಿದ್ರೆ ನಾನು ಸಹಾಯ ಮಾಡೋರಿಗೆ ಹೇಳ್ಬೇಕಾಗುತ್ತೆ, ಮಿಕ್ಕಿದ್ದು ನಮ್ಮಿಬ್ಬರಲ್ಲೇ ಅಂತ ಹೇಳಿ. ಮಕ್ಕಳಿಗೆ ಇದು ಅರ್ಥ ಆಗುತ್ತೆ.

ಕೊನೇದಾಗಿ ರೆಫರಲ್, ಅಂದ್ರೆ ದೊಡ್ಡ ಆಸ್ಪತ್ರೆಗೆ ಕಳಿಸೋದು. ಚೀಟಿ ಬರೆದು ಕಳಿಸಿದ್ರೆ ಮುಗೀತು ಅನ್ನೋ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಹಾಡಿಯಿಂದ ಮಡಿಕೇರಿ ಜಿಲ್ಲಾಸ್ಪತ್ರೆಗೆ ಹೋಗೋದು ಅಂದ್ರೆ ಒಂದು ದಿನದ ಕೂಲಿ ಹೋಗುತ್ತೆ, ಬಸ್ ಚಾರ್ಜ್ ಬೇರೆ, ತಾಯಿ ಕಾಫಿ ಕುಯ್ಲು ಬಿಟ್ಟು ಬರೋದು ಕಷ್ಟ. ಡಿಸೆಂಬರ್‌ನಿಂದ ಮಾರ್ಚ್ ತನಕ, ಮೊದಲು ಅರೇಬಿಕಾ ಆಮೇಲೆ ರೋಬಸ್ಟಾ, ಆ ಸಮಯದಲ್ಲಿ ಎಷ್ಟೋ ಕುಟುಂಬ ಬೇರೆ ತೋಟದ ಲೈನ್ ಮನೆಗೆ ಹೋಗಿಬಿಡ್ತಾರೆ, ಮಕ್ಕಳೂ ಜೊತೆಗೆ, ನಮ್ಮ ರಿಜಿಸ್ಟರಲ್ಲಿ ಗೈರು ಅಂತ ಬೀಳುತ್ತೆ. ಅದಕ್ಕೆ ಚೀಟೀಲಿ ಕಾಯಿಲೆ ಜೊತೆಗೆ ಇವಿಷ್ಟು ಬರೀರಿ: ಜೊತೆಗೆ ಯಾರು ಹೋಗ್ತಾರೆ, ಯಾವ ವಾರ ಅವರಿಗೆ ಆಗುತ್ತೆ, ಅವರ ಆಶಾ ಕಾರ್ಯಕರ್ತೆ ಯಾರು, ಕುಯ್ಲಿಗೆ ಯಾವ ತೋಟಕ್ಕೆ ಹೋಗ್ತಾರೆ, ಆ ತೋಟ ಯಾವ ಪಿಎಚ್‌ಸಿಗೆ ಬರುತ್ತೆ. ತೋಟದ ಲೆಕ್ಕ ಬರೆಯೋ ರೈಟರ್ ಹತ್ರ ಕೇಳಿದ್ರೆ ಯಾವ ಕುಟುಂಬ ಎಲ್ಲಿ ಅಂತ ಗೊತ್ತಿರುತ್ತೆ, ಆದ್ರೆ ಮಗುವಿನ ಕಾಯಿಲೆ ಏನು ಅಂತ ಅವರಿಗೆ ಹೇಳೋ ಹಾಗಿಲ್ಲ, ಲಸಿಕೆ ಮತ್ತು ತಪಾಸಣೆ ಪಟ್ಟಿಗೆ ಬೇಕು ಅಂದ್ರೆ ಸಾಕು. ಆಮೇಲೆ ಆ ಪಿಎಚ್‌ಸಿಯ ಸಿಸ್ಟರಿಗೆ ಒಂದು ಫೋನ್ ಹಾಕಿ, ಮಗು ನಿಮ್ಮ ಕಡೆ ಬಂದಿದೆ, ಮಾತ್ರೆ ಇಂತಿಷ್ಟು ದಿನದ್ದು ಉಳಿದಿದೆ, ಮುಂದಿನ ಟೆಸ್ಟ್ ಇಂಥ ತಿಂಗಳು ಅಂತ ಹೇಳಿ, ನಿಮ್ಮ ಡೈರೀಲಿ ಅವರ ನಂಬರ್ ಬರೆದಿಟ್ಕೊಳ್ಳಿ.