ಒಬ್ಬರಿಗೆ ಬಂದ ಜ್ವರ ಅರ್ಧ ಆಫೀಸಿಗೆ ಯಾಕೆ ಹರಡುತ್ತದೆ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಒಂದು ಸಣ್ಣ ಆಫೀಸು. ಮಳೆಗಾಲ ಬಂತೆಂದರೆ ಒಬ್ಬರಿಗೆ ನೆಗಡಿ, ಜ್ವರ ಶುರುವಾಗುತ್ತದೆ. ವಾರ ಕಳೆಯುವಷ್ಟರಲ್ಲಿ ಅರ್ಧ ಜನ ಮಲಗಿರುತ್ತಾರೆ. ಎಲ್ಲ ಕಡೆ ಸ್ಯಾನಿಟೈಸರ್ ಇಟ್ಟಿದ್ದೇವೆ, ಕಷಾಯವನ್ನೂ ಕೊಡುತ್ತೇವೆ. ಆದರೂ ನಿಲ್ಲುತ್ತಿಲ್ಲ. ಇನ್ನೇನು ಮಾಡಬೇಕು?

ಉತ್ತರ: ಎರಡು ಕೆಲಸ ಮೊದಲು ಮಾಡಿ. ಜ್ವರ ಬಂದವರು ಮನೆಯಲ್ಲೇ ಉಳಿಯುವ ಹಾಗೆ ನೋಡಿಕೊಳ್ಳಿ. ಮುಚ್ಚಿದ ರೂಮಿನ ಗಾಳಿ ಬದಲಾಗುವ ಹಾಗೆ ಮಾಡಿ. ಸ್ಯಾನಿಟೈಸರ್, ಕಷಾಯ ಎಲ್ಲ ಆಮೇಲೆ.

ಫ್ಲೂ ವೈರಸ್ ಮೈಗೆ ಸೇರಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಒಂದರಿಂದ ನಾಲ್ಕು ದಿನ ಬೇಕು. ಲಕ್ಷಣ ಶುರುವಾಗುವ ಹಿಂದಿನ ದಿನದಿಂದಲೇ ಇನ್ನೊಬ್ಬರಿಗೆ ಅಂಟಬಹುದು. ಅತಿ ಹೆಚ್ಚು ಹರಡುವುದು ಕಾಯಿಲೆಯ ಮೊದಲ ಮೂರು ನಾಲ್ಕು ದಿನಗಳಲ್ಲಿ. ನಮ್ಮ ಆಫೀಸುಗಳಲ್ಲಿ ಜನ ಒಂದು ಪ್ಯಾರಾಸಿಟಮಾಲ್ ನುಂಗಿ, "ಏನಿಲ್ಲ, ಸ್ವಲ್ಪ ಮೈ ಬಿಸಿ ಅಷ್ಟೆ" ಅಂತ ಬಂದು ಕೂರುವುದೂ ಅದೇ ದಿನಗಳಲ್ಲಿ. ಮಾತ್ರೆ ಜ್ವರವನ್ನು ಇಳಿಸುತ್ತದೆ, ವೈರಸ್ಸನ್ನಲ್ಲ. ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬರದಿದ್ದರೆ, ಉಳಿದ ತೊಂದರೆಯೂ ಕಡಿಮೆಯಾಗುತ್ತಿದ್ದರೆ ಕೆಲಸಕ್ಕೆ ಬರಬಹುದು. ಆಮೇಲೂ ನಾಲ್ಕೈದು ದಿನ ಮಾಸ್ಕ್ ಹಾಕಿಕೊಂಡರೆ ಪಕ್ಕದವರಿಗೆ ಒಳ್ಳೆಯದು.

ಹಾಗಾದರೆ ಹುಷಾರಿಲ್ಲದವರು ಯಾಕೆ ಬರುತ್ತಾರೆ? ಹೆಚ್ಚಿನವರು ರಜೆಯ ಭಯಕ್ಕೆ ಬರುತ್ತಾರೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲಿ ಕಾಯಿಲೆಗೆ, ಅಥವಾ ಬೇರೆ ತಕ್ಕ ಕಾರಣಕ್ಕೆ, ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ. ಆದರೆ ರಜೆ ಕೇಳಿದ ತಕ್ಷಣ "ಇವತ್ತೇ ರಿಲೀಸ್ ಇದೆಯಲ್ಲಾ" ಅನ್ನುವ ಮ್ಯಾನೇಜರ್ ಇದ್ದರೆ ಆ ರಜೆ ಕಾಗದದ ಮೇಲೆ ಉಳಿಯುತ್ತದೆ. ಒಂದು ದಿನದ ಜ್ವರಕ್ಕೂ ಡಾಕ್ಟರ್ ಸರ್ಟಿಫಿಕೇಟ್ ಕೇಳುವ ರೂಢಿಯನ್ನು ದಯವಿಟ್ಟು ಬಿಡಿ. ಆ ಚೀಟಿಗಾಗಿ ಜ್ವರದ ಮೈಯಲ್ಲಿ ಕ್ಲಿನಿಕ್ಕಿನ ಸಾಲಿನಲ್ಲಿ ನಿಲ್ಲುವುದಕ್ಕಿಂತ ಅದನ್ನು ತರದೆ ಆಫೀಸಿಗೆ ಬರುವುದೇ ಸುಲಭ ಅನ್ನಿಸುತ್ತದೆ ಅಲ್ವಾ?

ಇನ್ನು ಹೌಸ್‌ಕೀಪಿಂಗ್, ಸೆಕ್ಯೂರಿಟಿ, ಪ್ಯಾಂಟ್ರಿಯವರ ಮಾತು. ಇವರಲ್ಲಿ ಹೆಚ್ಚಿನವರು ಏಜೆನ್ಸಿ ಮೂಲಕ ಬಂದವರು, ಒಂದು ದಿನ ತಪ್ಪಿದರೆ ಎಷ್ಟೋ ಕಡೆ ಆ ದಿನದ ಕೂಲಿಯೇ ಇಲ್ಲ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರಿಗೆ ಕಾಯಿಲೆಯ ದಿನಗಳಲ್ಲಿ ಸಂಬಳದ ಶೇ. 70ರಷ್ಟು ಹಣ ಸಿಗುತ್ತದೆ, ನಿಜ. ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಅದು ಬರುವುದಿಲ್ಲ. ಫ್ಲೂ ಜೋರಾಗಿ ಹರಡುವುದು ಆ ದಿನಗಳಲ್ಲೇ! ಆ ಎರಡು ದಿನದ ಕೂಲಿಯನ್ನು ಕಂಪನಿಯೇ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಡೀ ಆಫೀಸಿಗೆ ಟೀ ಕೊಡುವ ಅಕ್ಕ ಕೆಮ್ಮುತ್ತಾ ಬರುವ ಸ್ಥಿತಿಯಲ್ಲಿದ್ದರೆ ಬೇರೆ ಯಾವ ಏರ್ಪಾಡೂ ಉಪಯೋಗಕ್ಕೆ ಬಾರದು. ಅದಕ್ಕಿಂತ ಮೊದಲು, ಆಕೆಗೂ ಮಲಗಿ ಸುಧಾರಿಸಿಕೊಳ್ಳುವ ಹಕ್ಕಿದೆ.

ಈಗ ಗಾಳಿ. ನಿಮ್ಮ ಮೀಟಿಂಗ್ ರೂಮನ್ನು ಒಮ್ಮೆ ನೋಡಿ. ಗಾಜಿನ ಬಾಗಿಲು ಮುಚ್ಚಿದೆ, ಕಿಟಕಿ ಇಲ್ಲ ಅಥವಾ ತೆಗೆಯಲು ಬರುವುದಿಲ್ಲ, ಗೋಡೆಯಲ್ಲಿ ಸ್ಪ್ಲಿಟ್ ಏಸಿ, ಒಳಗೆ ಎಂಟು ಜನ. ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರುವುದಿಲ್ಲ. ರೂಮಿನದ್ದೇ ಗಾಳಿಯನ್ನು ಎಳೆದುಕೊಂಡು, ತಣ್ಣಗೆ ಮಾಡಿ ಮತ್ತೆ ಬಿಡುತ್ತದೆ. ಒಬ್ಬರು ಗಂಟೆಗಟ್ಟಲೆ ಮಾತಾಡಿದರೆ, ಕೆಮ್ಮಿದರೆ, ಅವರ ಬಾಯಿಂದ ಹೊರಟ ಸಣ್ಣ ಹನಿಗಳು ಅಲ್ಲೇ ತೇಲುತ್ತಿರುತ್ತವೆ. ಕಿಟಕಿ ಇದ್ದರೆ ನಾಲ್ಕು ಬೆರಳಷ್ಟಾದರೂ ತೆಗೆದಿಡಿ, ಕರೆಂಟ್ ಬಿಲ್ ಸ್ವಲ್ಪ ಜಾಸ್ತಿ ಬಂದರೂ ಪರವಾಗಿಲ್ಲ. ಕಿಟಕಿ ಇಲ್ಲದಿದ್ದರೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಅಥವಾ ತೀರಾ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಇಡಿ. ಸೆಂಟ್ರಲ್ ಏಸಿ ಇರುವ ಕಟ್ಟಡದಲ್ಲಿ "ಹೊರಗಿನ ಗಾಳಿ ಎಷ್ಟು ಸೇರಿಸುತ್ತಿದ್ದೀರಿ?" ಎಂದು ಮೇಂಟೆನೆನ್ಸ್‌ನವರನ್ನು ಕೇಳಿ.

ಅಳೆದು ನೋಡುವ ಆಸೆ ಇದ್ದರೆ, ನಾವು ಉಸಿರಿನಲ್ಲಿ ಹೊರಬಿಡುವ ಕಾರ್ಬನ್ ಡೈಆಕ್ಸೈಡ್ ಎಷ್ಟು ಸೇರಿದೆ ಎಂದು ತೋರಿಸುವ ಮೀಟರ್ ತನ್ನಿ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು) ತೋರಿಸುತ್ತದೆ. ಒಳಗೆ 800ರ ಒಳಗಿದ್ದರೆ ಗಾಳಿ ಚೆನ್ನಾಗಿ ಬದಲಾಗುತ್ತಿದೆ ಎಂದರ್ಥ. ಸಾವಿರ ದಾಟಿತೋ, ಮೀಟಿಂಗ್ ಮುಗಿಸಿ ಬಾಗಿಲು ತೆಗೆಯಿರಿ. ಒಟ್ಟಿಗೆ ಓಡಾಡುವ ಕ್ಯಾಬಿನಲ್ಲೂ ಕಿಟಕಿ ಸ್ವಲ್ಪ ಇಳಿದಿರಲಿ.

ಕೈ ತೊಳೆಯುವುದು ಬೇಡ ಅಂತಲ್ಲ. ಬೆರಳೊತ್ತುವ ಹಾಜರಿ ಮೆಷಿನ್, ನೀರಿನ ಕ್ಯಾನಿನ ನಲ್ಲಿ, ಕಾಫಿ ಮೆಷಿನ್ ಬಟನ್ ಎಲ್ಲರೂ ಮುಟ್ಟುವ ಜಾಗಗಳು. ಗಟ್ಟಿ ಮೇಲ್ಮೈ ಮೇಲೆ ಫ್ಲೂ ವೈರಸ್ ಒಂದೆರಡು ದಿನ ಇರಬಲ್ಲದು. ಊಟಕ್ಕೆ ಮೊದಲು ಸೋಪಿನಲ್ಲಿ ಇಪ್ಪತ್ತು ಸೆಕೆಂಡ್ ಕೈ ಉಜ್ಜಿದರೆ ಸಾಕು. ಹೆಡ್‌ಸೆಟ್ ಮಾತ್ರ ಒಬ್ಬರದು ಒಬ್ಬರಿಗೇ ಇರಲಿ. ಕಷಾಯದಿಂದ ಗಂಟಲಿಗೆ ಹಿತ ಸಿಗುತ್ತದೆ, ಕುಡಿಯಿರಿ. ಆದರೆ ಹರಡುವುದನ್ನು ಅದು ತಡೆಯುವುದಿಲ್ಲ.

ಫ್ಲೂ ಲಸಿಕೆಯನ್ನು ಪ್ರತಿ ವರ್ಷ ಹಾಕಿಸಿಕೊಳ್ಳಬೇಕು, ಏಕೆಂದರೆ ವೈರಸ್ ಬದಲಾಗುತ್ತಲೇ ಇರುತ್ತದೆ. ನಮ್ಮಲ್ಲಿ ಫ್ಲೂ ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ಏರುತ್ತದೆ. ಲಸಿಕೆ ಕೆಲಸ ಶುರು ಮಾಡಲು ಸುಮಾರು ಎರಡು ವಾರ ಬೇಕು. ಹಾಗಾಗಿ ಆಫೀಸಿನಲ್ಲಿ ಕ್ಯಾಂಪ್ ಮಾಡಿಸುವುದಾದರೆ ಮೇ ತಿಂಗಳಲ್ಲೇ ಮಾಡಿಸಿ. ಗರ್ಭಿಣಿಯರು, ಆಸ್ತಮಾ, ಸಕ್ಕರೆ ಕಾಯಿಲೆ ಇರುವವರು ಮೊದಲು ಹಾಕಿಸಿಕೊಳ್ಳಲಿ. ಮಾಮೂಲಿ ನೆಗಡಿಗೆ ಇದು ತಡೆಯಲ್ಲ, ಅದರ ವೈರಸ್ಸುಗಳೇ ಬೇರೆ.

ಇನ್ನೊಂದು ವಿಷಯ. ಮಳೆಗಾಲದ ಜ್ವರವೆಲ್ಲ ಫ್ಲೂ ಅಲ್ಲ. ಕೆಮ್ಮು, ನೆಗಡಿ ಇಲ್ಲದೆ ಜೋರು ಜ್ವರ ಬಂದು ಕಣ್ಣಿನ ಹಿಂದೆ ನೋವಿದ್ದರೆ ಡೆಂಗಿ ಇರಬಹುದು. ಆಗ ಬ್ರೂಫೆನ್, ಆಸ್ಪಿರಿನ್ ಥರದ ಮಾತ್ರೆ ತೆಗೆದುಕೊಳ್ಳಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಆ್ಯಂಟಿಬಯಾಟಿಕ್ ನುಂಗುವುದೂ ಬೇಡ, ಅದು ವೈರಸ್ಸಿಗೆ ತಾಗುವುದೇ ಇಲ್ಲ. ಉಸಿರಾಡಲು ಕಷ್ಟವಾದರೆ, ಎದೆನೋವು ಬಂದರೆ, ಇಳಿದ ಜ್ವರ ಮತ್ತೆ ಏರಿದರೆ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.