ಕೊಡ ಹೊರುವವರು ಯಾರು? ಪರಿಸರ ಸ್ತ್ರೀವಾದದ ಟಿಪ್ಪಣಿ

ಪರಿಸರ ಸ್ತ್ರೀವಾದದ ಪಾಠದಲ್ಲಿ ಎರಡು ನಿಲುವುಗಳು ಕಲಸಿಹೋಗುತ್ತವೆ. ಮೊದಲು ಅವನ್ನು ಬಿಡಿಸಿಕೊಳ್ಳೋಣ.

'ಇಕೋಫೆಮಿನಿಸಂ' (ಪರಿಸರ ಸ್ತ್ರೀವಾದ) ಎಂಬ ಪದವನ್ನು 1974ರಲ್ಲಿ ತಂದವರು ಫ್ರಾನ್ಸಿನ ಫ್ರಾಂಸ್ವಾಜ್ ದೋಬಾನ್. ಹೆಣ್ಣನ್ನು ಆಳುವ ಮನಸ್ಸೇ ನೆಲವನ್ನೂ ನೀರನ್ನೂ ಆಳುತ್ತದೆ ಎಂಬುದು ಅದರ ತಿರುಳು. ಪರಿಸರ ಚಿಂತಕಿ ವಂದನಾ ಶಿವ 1988ರಲ್ಲಿ ಈ ಮಾತನ್ನು ಭಾರತದ ಕಾಡು, ಬೀಜ, ನೀರಿನ ಜೊತೆ ಇಟ್ಟು ನೋಡಿದರು. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ 1992ರಲ್ಲಿ ಆಕ್ಷೇಪ ಎತ್ತಿದರು: ಹೆಂಗಸಿಗೂ ಕಾಡಿಗೂ ಇರುವ ನಂಟು ಹುಟ್ಟಿನಿಂದ ಬಂದದ್ದಲ್ಲ, ಸೌದೆ, ಮೇವು, ನೀರು ತರುವ ಕೆಲಸ ಅವಳ ಪಾಲಿಗೆ ಬಿದ್ದದ್ದರಿಂದ ಬಂದದ್ದು; ಆ ಪಾಲೂ ವರ್ಗ, ಜಾತಿ, ಆಸ್ತಿಯ ಹಕ್ಕು ನೋಡಿಯೇ ಬೀಳುತ್ತದೆ. ಇದು 'ಸ್ತ್ರೀವಾದಿ ಪರಿಸರವಾದ'. ನಮಗೆ ಹೆಚ್ಚು ಕೆಲಸಕ್ಕೆ ಬರುವುದು ಇದೇ. 'ಹೆಣ್ಣು ಪ್ರಕೃತಿಮಾತೆ' ಎಂದು ಬರೆದುಬಿಟ್ಟರೆ ಕೊಡ ಅವಳ ಸೊಂಟದ ಮೇಲೇ ಉಳಿಯುತ್ತದೆ.

ಆ ಕೊಡವನ್ನೇ ಅಳೆಯೋಣ. ಒಳಚರಂಡಿ ಇರುವ ನಗರಕ್ಕೆ ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡವಿದೆ. ಮುಂಬಯಿಯ ಝೋಪಡಪಟ್ಟಿಗೆ (ಕೊಳೆಗೇರಿಗೆ) ಪಾಲಿಕೆ ಹಿಡಿದದ್ದು 45. ಕಲಬುರಗಿ ಕಡೆಯಿಂದ ಬಂದು ನೆಲೆಸಿದ ಐದು ಜನರ ಮನೆ ಎಂದುಕೊಳ್ಳಿ: 225 ಲೀಟರ್. ಕೊಡಕ್ಕೆ 15 ಲೀಟರ್ ಹಿಡಿದರೆ 15 ಸಲ ನಳದ ಹತ್ತಿರ ಹೋಗಿಬರಬೇಕು. ಒಂದು ಸಲಕ್ಕೆ ಆರು ನಿಮಿಷವೆಂದರೆ ಒಂದೂವರೆ ತಾಸು. ಸರದಿಯಲ್ಲಿ ಕಾಯುವುದು ಬೇರೆ. ಹೊತ್ತ ನೀರಿನ ತೂಕವೇ 225 ಕಿಲೋ.

2023ರ ಜುಲೈನಲ್ಲಿ ಕೆರೆಗಳಲ್ಲಿ ನೀರು ಕಡಿಮೆಯಾಗಿ ಪಾಲಿಕೆ ಶೇ. 10 ಕಡಿತ ಮಾಡಿತು. ಹಾಗೆಂದು ಎಲ್ಲರಿಗೂ ಹತ್ತೇ ಕಡಿಮೆ ಎಂದು ಬರೆಯಬೇಡಿ. ಕೊಳವೆಯಲ್ಲಿ ಒತ್ತಡ ಇಳಿದರೆ ಮೊದಲು ಒಣಗುವುದು ಗುಡ್ಡದ ಮೇಲಿನ, ಲೈನಿನ ಕೊನೆಯ ನಳ. ಟಾಕಿ ಇರುವ ಕಟ್ಟಡಕ್ಕೆ ಅದು ತಿಳಿಯುವುದೇ ಇಲ್ಲ. ಇನ್ನೂ ಹಿಂದಕ್ಕೆ ಹೋಗಿ: ಈ ನಗರಕ್ಕೆ ನೀರು ಕೊಡುವ ಭಾತ್ಸಾ, ತಾನ್ಸಾ ಜಲಾಶಯಗಳಿರುವ ಠಾಣೆ ಜಿಲ್ಲೆಯ ಶಹಾಪುರ ತಾಲ್ಲೂಕಿನ ಆದಿವಾಸಿ ಪಾಡಾಗಳಲ್ಲೇ (ಸಣ್ಣ ಹಾಡಿಗಳಲ್ಲೇ) ಬೇಸಿಗೆಯಲ್ಲಿ ಹೆಂಗಸರು ಟ್ಯಾಂಕರಿಗೆ ಕಾಯುತ್ತಾರೆ. ಝೋಪಡಪಟ್ಟಿಯ ಹೆಂಗಸಿಗೂ ಪಾಡಾದ ಹೆಂಗಸಿಗೂ ಬಾಯಾರಿಕೆ ಒಂದೇ ಆದರೂ ಹಕ್ಕಿನ ಪ್ರಶ್ನೆ ಬೇರೆ ಬೇರೆ. 'ಮಹಿಳೆಯರು' ಎಂದು ಒಂದೇ ಗಂಟು ಕಟ್ಟಿದರೆ ಈ ವ್ಯತ್ಯಾಸ ಕಾಣದೇ ಹೋಗುತ್ತದೆ.

ಕ್ಷೇತ್ರಕಾರ್ಯದಲ್ಲಿ ಆಗುವ ದೊಡ್ಡ ತಪ್ಪು, 'ನೀರಿಗೆ ಎಷ್ಟು ಹೊತ್ತು?' ಎಂದು ಮನೆಯ ಯಜಮಾನನನ್ನು ಕೇಳುವುದು. ನೀರು ತರುವವಳನ್ನೇ ಕೇಳಿ. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಳೆಂದು ಅರ್ಧ ಅರ್ಧ ತಾಸಿನಂತೆ ಬರೆದುಕೊಳ್ಳಿ. ಸರದಿಯಲ್ಲಿ ಕಾದ ಸಮಯ, ಕೊಡ ಹೊತ್ತು ತಂದ ಸಮಯ ಬೇರೆ ಬೇರೆ ಇರಲಿ. ಕಂಕುಳಲ್ಲಿ ಕೂಸಿದ್ದರೆ ಎರಡೂ ಕೆಲಸ ದಾಖಲಾಗಬೇಕು. ಶಾಲೆ ತಪ್ಪಿಸಿ ಸರದಿಯಲ್ಲಿ ನಿಂತ ಮಗಳ ಹೊತ್ತನ್ನು ಬಿಡಬೇಡಿ. ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಅದೇ ಮನೆಗಳಿಗೆ ಹೋಗಿ.

ಹೆಂಗಸರನ್ನು ಬರೀ ಸಂತ್ರಸ್ತರೆಂದು ತೋರಿಸುವುದೂ ತಪ್ಪೇ. ಪುಣೆಯಲ್ಲಿ ಚಿಂದಿ ಆಯುವವರು 1993ರಲ್ಲಿ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ತಮ್ಮ ಸಂಘ ಕಟ್ಟಿದರು. ಅವರಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಅದರಿಂದ ಬೆಳೆದ 'ಸ್ವಚ್ಛ್' ಸಹಕಾರಿ ಸಂಸ್ಥೆಯ ಸದಸ್ಯರು ಮನೆಮನೆಯಿಂದ ಕಸ ಒಯ್ಯುತ್ತಾರೆ, ಒಣಕಸ ಬೇರ್ಪಡಿಸಿ ಮಾರುತ್ತಾರೆ. ಕಸದಿಂದ ವಿದ್ಯುತ್ ಎಂಬ ಯೋಜನೆ ಎಲ್ಲಿ ಬಂದರೂ ಒಂದು ಪ್ರಶ್ನೆ ಕೇಳಿ. ಚೆನ್ನಾಗಿ ಉರಿಯುವುದು ಕಾಗದ, ಪ್ಲಾಸ್ಟಿಕ್. ಚಿಂದಿ ಆಯುವವಳ ಕೈಗೆ ಕಾಸು ತರುವುದೂ ಅವೇ. ಆ ಒಣಕಸದ ಮೇಲೆ ಮೊದಲ ಹಕ್ಕು ಯಾರದೆಂದು ಕರಾರಿನಲ್ಲಿ ಬರೆದಿದೆ?