ಆಯಿಯ ತಾಳಿಯಲ್ಲಿರುವ ಪ್ರಾಣಿ

"ಊರಿಗೂರ ಮುಳುಗೇತಿ, ನೀ ಮತ್ತ ರೊಕ್ಕ ಕೊಟ್ಟು ಮುಳಗಾಕ ಹೊಂಟೀಯೇನ?"

ನೇತ್ರಾಣಿಗೆ ಸ್ಕೂಬಾ ಡೈವಿಂಗ್‌ಗೆ ಹೋಗುತ್ತೇನೆ ಎಂದಾಗ ನಮ್ಮ ಆಯಿ ಕೇಳಿದ್ದು ಇದು. ಬಾಗಲಕೋಟೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಓಣಿಗಳು ಹೋದ ಮೇಲೆ 'ಮುಳುಗಡೆ' ನಮ್ಮಲ್ಲಿ ದಿನಬಳಕೆಯ ಮಾತು. ಹವಳ ನೋಡಲು ಹೊರಟಿದ್ದೇನೆ ಎಂದೆ. ಆಯಿ ತಾಳಿ ಎತ್ತಿ ತೋರಿಸಿದರು. ಗುಂಡುಗಳ ನಡುವೆ ಎರಡು ಕೆಂಪು ಹವಳ. "ಇಲ್ಲೇ ಐತಲ್ಲ, ನೋಡು."

ಆ ಹವಳ ಕಲ್ಲು ಎಂದೇ ನಾನೂ ಬಹಳ ದಿನ ತಿಳಿದಿದ್ದೆ. ಅಲ್ಲ. ಅದು ಒಂದು ಪ್ರಾಣಿ ಕಟ್ಟಿದ ಎಲುಬು. ಒಡವೆಯ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ ಕತ್ತಲೆ ಮೂಲೆಗಳಲ್ಲಿ ಬೆಳೆಯುತ್ತದೆ. ಅದರ ಟೊಂಗೆ ವರ್ಷಕ್ಕೆ ಅರ್ಧ ಮಿಲಿಮೀಟರ್ ಕೂಡ ದಪ್ಪವಾಗುವುದಿಲ್ಲ. ಅಂದರೆ ತಾಳಿಯ ಒಂದು ಮಣಿಯಷ್ಟು ದಪ್ಪವಾಗಲು ಹತ್ತಾರು ವರ್ಷ ಬೇಕು.

ನಾನು ನೋಡಲು ಹೊರಟಿದ್ದು ಇದರ ದೂರದ ಸಂಬಂಧಿಕರನ್ನು. ಬಿಸಿಲು ಬೀಳುವ ಆಳವಿಲ್ಲದ ನೀರಿನಲ್ಲಿ ದಿಬ್ಬ ಕಟ್ಟುವ ಹವಳಗಳನ್ನು. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ಗುಡ್ಡ. ಲಕ್ಷದ್ವೀಪದಂಥ ದೊಡ್ಡ ಹವಳದಿಬ್ಬ ಅಲ್ಲಿಲ್ಲ. ನೀರೊಳಗಿನ ಬಂಡೆಗಳ ಮೇಲೆ ಅಲ್ಲಲ್ಲಿ ಹವಳ, ಸುತ್ತ ಬೇಕಾದಷ್ಟು ಮೀನು.

ನಾನು ಈಜು ಕಲಿತದ್ದು ಹೊಲದ ಬಾವಿಯಲ್ಲಿ, ಸೊಂಟಕ್ಕೆ ಖಾಲಿ ಕ್ಯಾನ್ ಕಟ್ಟಿಕೊಂಡು. ಇಲ್ಲಿ ನೋಡಿದರೆ ಸೊಂಟಕ್ಕೆ ಸೀಸದ ತುಂಡು ಕಟ್ಟಿದರು! ಮೈಗೆ ತೊಟ್ಟ ರಬ್ಬರ್ ಉಡುಪು ತೇಲಿಸುತ್ತದೆ, ಸೀಸ ಮುಳುಗಿಸುತ್ತದೆ. ಬೆನ್ನಿಗೆ ಸಿಲಿಂಡರ್ ಹೊತ್ತ ಜಾಕೆಟ್‌ಗೆ ಗಾಳಿ ತುಂಬಿ, ಬಿಟ್ಟು, ಎರಡರ ನಡುವೆ ತೂಕ ಸರಿಮಾಡಿಕೊಳ್ಳಬೇಕು. ಏಳಲೂ ಬಾರದು, ಇಳಿಯಲೂ ಬಾರದು. ಹವಳದ ಮಟ್ಟಿಗೆ ಡೈವಿಂಗ್‌ನಲ್ಲಿ ಇದಕ್ಕಿಂತ ಮುಖ್ಯವಾದ ವಿದ್ಯೆ ಇನ್ನೊಂದಿಲ್ಲ. ಅದು ಬರಲು ಸಮಯ ಬೇಕು. ದೋಣಿಯ ಮೇಲೆ ಅರ್ಧ ಗಂಟೆ ಪಾಠ ಕೇಳಿದ ನನಗೆ ಎಲ್ಲಿಂದ ಬರಬೇಕು?

ಹತ್ತು ಮೀಟರ್ ಆಳದಲ್ಲಿ ಮೈಮೇಲಿನ ಒತ್ತಡ ನೆಲದ ಮೇಲಿನದರ ಎರಡರಷ್ಟು. ಮೇಲೆ ತುಂಬಿದ ಬಲೂನನ್ನು ಅಲ್ಲಿಗೆ ಒಯ್ದರೆ ಅರ್ಧಕ್ಕೆ ಕುಗ್ಗುತ್ತದೆ. ಕಿವಿಯೊಳಗಿನ ಗಾಳಿಯ ಗತಿಯೂ ಅದೇ, ಅದಕ್ಕೇ ಮೂಗು ಹಿಡಿದು ಮೆಲ್ಲಗೆ ಊದುತ್ತ ಇಳಿಯಬೇಕು. ಏಳುವಾಗ ಇದರ ಉಲ್ಟಾ. ಉಸಿರು ಬಿಗಿಹಿಡಿದು ಮೇಲೆ ಬಂದರೆ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಇನ್ನೊಂದು ಮಾತು, ನನ್ನಂತೆ ಮೋಸಹೋಗಬೇಡಿ: ನೀರೊಳಗೆ ಹೆಬ್ಬೆರಳು ಎತ್ತಿದರೆ 'ಭಾರೀ ಚಲೋ ಐತಿ' ಎಂದಲ್ಲ, 'ಮೇಲೆ ಕರೆದೊಯ್ಯಿ' ಎಂದು. ನಾನು ಖುಷಿಯಲ್ಲಿ ಎತ್ತಿದೆ. ತರಬೇತುದಾರ ನನ್ನನ್ನು ಸೀದಾ ಮೇಲಕ್ಕೆ ಎಳೆಯತೊಡಗಿದ.

ಮತ್ತೆ ಇಳಿದಾಗ ನನ್ನ ಕೆಂಪು ದಾರದ ಕಡೆ ಕಣ್ಣು ಹೋಯಿತು. ಕೈಗೆ ಕಟ್ಟಿದ್ದ ದಾರ ಕೆಂಪಗಿರಲಿಲ್ಲ, ಮಾಸಿದ ಕಂದು. ಬೆಳಕಿನಲ್ಲಿ ಕೆಂಪನ್ನು ನೀರು ಎಲ್ಲಕ್ಕಿಂತ ಮೊದಲು ಹೀರಿಬಿಡುತ್ತದೆ. ಆಯಿಯ ಹವಳವನ್ನು ಅಲ್ಲಿ ಹಿಡಿದರೆ ಅದೂ ಕಪ್ಪಿಟ್ಟಂತೆ ಕಾಣುತ್ತಿತ್ತು.

ಒಂದು ಬಂಡೆಯ ಹತ್ತಿರ ತರಬೇತುದಾರ ತನ್ನ ಬೆರಳಿನಿಂದ ತೋರಿಸಿದ, ಮುಟ್ಟಲಿಲ್ಲ. ದುಂಡನೆಯ ಹವಳ, ಬುಟ್ಟಿ ಬೋರಲು ಹಾಕಿದಷ್ಟು. ಮೈತುಂಬ ಸಜ್ಜಿ ಕಾಳಿನಷ್ಟು ಸಣ್ಣ ಗುಂಡಿಗಳು. ಒಂದೊಂದು ಗುಂಡಿಯಲ್ಲೂ ಒಂದೊಂದು ಪ್ರಾಣಿ. ಬಾಯಿ, ಸುತ್ತ ಎಳೆಎಳೆ ಕೈಗಳು, ಹೊಟ್ಟೆ, ಇಷ್ಟೇ ಮೈ. ಇಂಥ ಹವಳ ಬೆಳೆಯುವುದು ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು. ಲೆಕ್ಕ ಹಾಕಿದರೆ ನನಗಿಂತ ಅದಕ್ಕೇ ವಯಸ್ಸು ಜಾಸ್ತಿ ಇದ್ದೀತು. ಹಾಗೆ ಲೆಕ್ಕ ಹಾಕುತ್ತಿರುವಾಗಲೇ ನನ್ನ ಕಾಲು ಕೆಳಗಿಳಿಯಿತು. ಕಾಲಿಗೆ ಹಾಕಿದ ಉದ್ದನೆಯ ಫಿನ್ ಅದರ ಪಕ್ಕವನ್ನು ಕೆರೆದುಕೊಂಡು ಹೋಯಿತು. ಬೆರಳುದ್ದದ ಬಿಳಿ ಗೀರು. ತಳದ ಮರಳೂ ಮೇಲೆದ್ದು ಹವಳದ ಮೇಲೆ ಕೂತಿತು. ಗೀರಿನಿಂದ ರೋಗ ಹತ್ತಬಹುದು. ಮರಳು ಕೂತರೆ ಬೆಳಕು ತಪ್ಪುತ್ತದೆ. ನಾನು ಸುಮ್ನೆ ನೋಡಲು ಹೋದವನು, ಮಾಡಿ ಬಂದದ್ದು ಇದು.

ಬೆಳಕು ತಪ್ಪಿದರೆ ಏನಂತೆ ಎನ್ನಬೇಡಿ. ಆ ಪ್ರಾಣಿಯ ಮೈಯೊಳಗೆ ಪಾಚಿ ಒಕ್ಕಲಿರುತ್ತದೆ. ಬಿಸಿಲಿನಲ್ಲಿ ಅಡುಗೆ ಮಾಡುವುದು ಪಾಚಿ, ಅದರ ಬಹುಪಾಲು ಉಣ್ಣುವುದು ಹವಳ. ಬದಲಿಗೆ ಪಾಚಿಗೆ ಮನೆ, ಗೊಬ್ಬರ. ನಮ್ಮ ಕಡೆಯ ಪಾಲಿನ ಬೇಸಾಯ ಇದ್ದಂತೆ. ಹವಳಕ್ಕೆ ಬಣ್ಣ ಕೊಡುವುದರಲ್ಲೂ ಈ ಪಾಚಿಯದೇ ದೊಡ್ಡ ಪಾಲು. ಸಮುದ್ರದ ನೀರು ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದೇ ಒಂದು ಡಿಗ್ರಿ ಮೇಲೇರಿ ನಾಲ್ಕಾರು ವಾರ ಹಾಗೇ ನಿಂತರೆ ಈ ಪಾಲುದಾರಿಕೆ ಮುರಿಯುತ್ತದೆ. ಬಿಸಿಗೆ ಪಾಚಿಯ ಅಡುಗೆ ಕೆಟ್ಟು ವಿಷವಾಗುತ್ತದೆ, ಹವಳ ಅದನ್ನು ಹೊರಹಾಕುತ್ತದೆ. ಉಳಿಯುವುದು ಗಾಜಿನಂಥ ಮೈ, ಅದರೊಳಗೆ ಕಾಣುವ ಬಿಳಿ ಎಲುಬು. ಆಗಲೂ ಅದು ಸತ್ತಿರುವುದಿಲ್ಲ, ಹಸಿದಿರುತ್ತದೆ. ಬೇಗ ನೀರು ತಂಪಾದರೆ ಪಾಚಿ ಮರಳಿ ಬರುತ್ತದೆ, ಇಲ್ಲವಾದರೆ ಇಲ್ಲ. ಏಪ್ರಿಲ್‌ನಲ್ಲಿ 40 ಡಿಗ್ರಿ ಕಾಣುವ ನಮಗೆ ಒಂದು ಡಿಗ್ರಿ ಹೆಚ್ಚಾದರೆ ಗೊತ್ತೂ ಆಗುವುದಿಲ್ಲ, ಅಲ್ವಾ?

1998, 2010, 2016, 2024. ಲಕ್ಷದ್ವೀಪದ ಹವಳಗಳು ಹೀಗೆ ಬೆಳ್ಳಗಾದ ವರ್ಷಗಳಿವು. ಸಮುದ್ರತಳದ ನೂರರಲ್ಲಿ ಒಂದು ಪಾಲೂ ಇಲ್ಲದ ಹವಳದಿಬ್ಬಗಳಲ್ಲಿ ಕಡಲಜೀವಿಗಳ ಸುಮಾರು ಕಾಲುಭಾಗ ಬಗೆಗಳಿಗೆ ಆಸರೆ ಇದೆ. ಹಾಗಾಗಿ ಹವಳ ಹೋದರೆ ಹವಳ ಒಂದೇ ಹೋಗುವುದಿಲ್ಲ.

ಈ ಬಿಸಿಯ ಮುಂದೆ ನನ್ನ ಫಿನ್ನಿನ ಗೀರು ಯಾವ ಲೆಕ್ಕ ಎನ್ನುವವರಿದ್ದಾರೆ. ನಿಜವೇ. ಆದರೆ ಬಿಸಿಯಿಂದ ಸುಧಾರಿಸಿಕೊಳ್ಳುತ್ತಿರುವ ಹವಳಕ್ಕೆ ಪ್ರತಿ ಭಾನುವಾರ ಹತ್ತಾರು ಜನ ಕಾಲು ತಾಗಿಸಿದರೆ? ಈಜು ಬಾರದವರನ್ನೂ ಒಂದೇ ತಾಸಿನಲ್ಲಿ ಮುಳುಗಿಸಿ, ವಿಡಿಯೊ ಕೊಟ್ಟು ಕಳಿಸುವ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಅಂಥವರನ್ನು ಮೊದಲು ಬರೀ ಮರಳಿರುವ ಜಾಗದಲ್ಲಿ ಇಳಿಸಲಿ. ಮುರಿದು ಬಿದ್ದ ಚೂರನ್ನು ನೆನಪಿಗೆಂದು ಜೇಬಿಗಿಳಿಸುವುದಂತೂ ಅಪರಾಧ. ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಈ ಹವಳಗಳು ಹುಲಿಯ ಜೊತೆ ಮೊದಲನೇ ಪಟ್ಟಿಯಲ್ಲಿವೆ.

ಊರಿಗೆ ಬಂದು ಆಯಿಗೆ ಎಲ್ಲ ಹೇಳಿದೆ. ಹವಳ ಒಂದು ಪ್ರಾಣಿಯ ಎಲುಬು ಎಂದಾಗ ಅವರ ಮುಖ ನೋಡಬೇಕಿತ್ತು. "ಅಯ್ಯ ಶಿವನ! ಹಂಗಾರ ಇಷ್ಟ ವರ್ಷ ಎಲುಬು ಕಟ್ಕೊಂಡು ಅಡ್ಡಾಡೇನ್ಯಾ?"

ಮನೆಯಲ್ಲಿ ಲೋಕಾಪುರದ ಕಡೆಯ ಸುಣ್ಣದ ಕಲ್ಲಿನ ಒಂದು ಚೂರಿತ್ತು. ಹವಳದ ಎಲುಬೂ ಈ ಕಲ್ಲೂ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ನೂರು ಕೋಟಿ ವರ್ಷಕ್ಕೂ ಹಿಂದೆ ನಮ್ಮ ಈ ಸೀಮೆ ಆಳವಿಲ್ಲದ ಸಮುದ್ರವಾಗಿತ್ತು. ಪ್ರಾಣಿಗಳು ಇನ್ನೂ ಹುಟ್ಟಿರಲಿಲ್ಲ. ಪಾಚಿಯಂಥ ಸೂಕ್ಷ್ಮಜೀವಿಗಳೇ ಪದರದ ಮೇಲೆ ಪದರ ಕಟ್ಟಿದ ದಿಬ್ಬಗಳು ಕಲಾದಗಿ, ಲೋಕಾಪುರ ಸುತ್ತಲಿನ ಕಲ್ಲುಗಳಲ್ಲಿ ಇಂದಿಗೂ ಕಾಣುತ್ತವೆ, ಉಳ್ಳಾಗಡ್ಡಿ ಕೊಯ್ದಿಟ್ಟಂತೆ. ಆಯಿಯ ಊರು ಮುಳುಗಿದ್ದು ಅದೇ ಮೊದಲಲ್ಲ ಅನ್ನಿ.

ಚೂರಿನ ಮೇಲೆ ನಿಂಬೆಹಣ್ಣು ಹಿಂಡಿದೆ. ಕಿವಿ ಹತ್ತಿರ ಒಯ್ದರೆ ಸಣ್ಣಗೆ ಸುಯ್ಯ್ ಎನ್ನುವ ಸದ್ದು, ಅಂಚಿನಲ್ಲಿ ನೊರೆ. ಹುಳಿ ತಾಗಿದರೆ ಸುಣ್ಣ ಕರಗುತ್ತದೆ. ನಮ್ಮ ಹೊಗೆಯ ಇಂಗಾಲದ ಡೈಆಕ್ಸೈಡ್ ಕರಗಿ ಸಮುದ್ರದ ನೀರಿನ ಆಮ್ಲತೆ ಕೈಗಾರಿಕೆಗಳು ಬಂದಂದಿನಿಂದ ಶೇಕಡಾ 30ರಷ್ಟು ಏರಿದೆ. ನಿಂಬೆರಸದ ಹತ್ತಿರಕ್ಕೂ ಅದು ಬರುವುದಿಲ್ಲ, ಆದರೆ ಎಲುಬು ಕಟ್ಟುವ ಹವಳದ ಕೆಲಸ ಕಷ್ಟವಾಗಲು ಅಷ್ಟೇ ಸಾಕು.

"ತಾಳೀದರ ಮ್ಯಾಲೂ ಒಂದು ಹನಿ ಹಾಕಿ ನೋಡೋಣೇನ ಆಯಿ?" ಎಂದೆ.

ಆಯಿ ತಾಳಿಯನ್ನು ಸೆರಗಿನೊಳಗೆ ಸೇರಿಸಿಕೊಂಡು, ಉಳಿದ ಅರ್ಧ ನಿಂಬೆಹಣ್ಣನ್ನು ನನ್ನ ಕೈಯಿಂದ ಕಸಿದುಕೊಂಡು ಒಳಗೆ ಹೋದರು.